ಮೇಲಿದ್ದೂ ಸೋತ ಜಟ್ಟಿ

(ಒಂದು ಸಂಜೆಯ ಉಪನ್ಯಾಸದ ಬರಹ ರೂಪ. ಸಭಿಕರಿಂದ ನಡುವೆ ಬಂದ ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತು ನಾನು ಹೇಳಹೊರಟಿರುವ ಮನುಷ್ಯನ ಫೋಟೊ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಮೀಸೆ. ದಪ್ಪ ಮೀಸೆ, ಅಗಲವಾದ ಎದೆ, ಕಂಬದಂಥ ಕತ್ತು. ಗದೆ ಹಿಡಿದು ನಿಂತ ನಮ್ಮ ಹಳೆಯ ಪೈಲ್ವಾನರ ಸಾಲಿನಲ್ಲಿ ಇವರನ್ನು ನಿಲ್ಲಿಸಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಇವರು ಹುಟ್ಟಿದ್ದು ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ಊರಿನಲ್ಲಿ, 1958ರ ಜೂನ್ 8ರಂದು. ಹೆಸರು ಡ್ಯಾನ್ ಸೆವರ್ನ್. ಅಖಾಡದಲ್ಲಿ ಅವರನ್ನು ‘ದಿ ಬೀಸ್ಟ್’ ಎಂದು ಕೂಗುತ್ತಿದ್ದರು, ಅಂದರೆ ಮೃಗ. ಹೆಸರಿಗೂ ಮನುಷ್ಯನಿಗೂ ಎಷ್ಟು ಹೊಂದಾಣಿಕೆಯಿತ್ತು ಎಂಬುದನ್ನು ಮುಂದೆ ನೀವೇ ನೋಡುತ್ತೀರಿ.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯನ್ನು ಸೋಲೊಪ್ಪದ ಜನರ ಮೇಲೆ ನಾವು ಧಾರಾಳವಾಗಿ ಪ್ರಯೋಗಿಸುತ್ತೇವೆ. ಸೆವರ್ನರ ಕಥೆ ಈ ಗಾದೆಯನ್ನೇ ತಲೆಕೆಳಗು ಮಾಡಿದಂತಿದೆ. ತಮ್ಮ ಬದುಕಿನ ಅತಿ ದೊಡ್ಡ ಕಾಳಗದಲ್ಲಿ ಅವರು ಕೆಳಗೆ ಬೀಳಲೇ ಇಲ್ಲ. ಹೆಚ್ಚುಕಡಿಮೆ ಹದಿನೈದು ನಿಮಿಷ ಎದುರಾಳಿಯ ಮೇಲೆಯೇ ಇದ್ದರು. ಮೀಸೆಗೆ ಮಣ್ಣು ಸೋಕಲಿಲ್ಲ. ಹಾಗಿದ್ದೂ ಸೋತರು.

ಯಾಕೆ ಸೋತರು ಎಂಬುದೇ ಇವತ್ತಿನ ನನ್ನ ವಿಷಯ. ಅವರ ಉಳಿದ ಜೀವನವೆಲ್ಲ ಈ ಪ್ರಶ್ನೆಯ ಆಚೀಚೆ ಹರಡಿಕೊಂಡಿದೆ ಎಂದು ನನಗೆ ಅನ್ನಿಸುತ್ತದೆ.

ಸೆವರ್ನ್ ಮೂಲತಃ ಚಾಪೆಯ ಕುಸ್ತಿಪಟು. ಶಾಲೆಯ ದಿನಗಳಿಂದಲೇ ಹೆಸರು ಮಾಡಿದವರು, ಅರಿಜೋನಾ ರಾಜ್ಯ ವಿಶ್ವವಿದ್ಯಾಲಯದ ಪರವಾಗಿ ಸೆಣಸಿದವರು. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಹೋಗುವ ಆಸೆ ಅವರಿಗಿತ್ತು. ಅದು ಕೈಗೂಡಲಿಲ್ಲ. ಅವರ ತೂಕದಲ್ಲಿ ಅಮೆರಿಕದ ಪರ ಹೋದ ಲೂ ಬನಾಕ್ ಚಿನ್ನದ ಪದಕವನ್ನೇ ತಂದರು. ಒಂದು ದೇಶದಲ್ಲಿ ಎರಡನೆಯವನಾಗುವುದಕ್ಕೂ ಜಗತ್ತಿನಲ್ಲಿ ಮೊದಲಿಗನಾಗುವುದಕ್ಕೂ ನಡುವೆ ಕೆಲವೊಮ್ಮೆ ಒಂದು ಪಟ್ಟಿನಷ್ಟೇ ಅಂತರ ಇರುತ್ತದೆ. ಆ ಅಂತರ ದಾಟಲಾಗದವರ ಹೆಸರು ಊರಾಚೆಗೆ ಯಾರಿಗೂ ಗೊತ್ತಾಗುವುದಿಲ್ಲ. ಮೂವತ್ತು ದಾಟಿದ ಮೇಲೂ ಸೆವರ್ನ್ ಹವ್ಯಾಸಿ ಪಂದ್ಯಗಳಲ್ಲಿ ಆಡುತ್ತಲೇ ಇದ್ದರು. ಅದರಿಂದ ಹೊಟ್ಟೆ ತುಂಬುವುದಿಲ್ಲವಲ್ಲ? ಹಾಗಾಗಿ 1990ರ ದಶಕದ ಆರಂಭದಲ್ಲಿ ವೃತ್ತಿಪರ ಕುಸ್ತಿಗೆ, ಅಂದರೆ ಟಿವಿಯಲ್ಲಿ ಬರುವ ಆ ಕುಸ್ತಿಗೆ ಕಾಲಿಟ್ಟರು. ಮೊದಲು ಹೋದದ್ದು ಜಪಾನಿಗೆ.

ಇಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೈ ಎತ್ತಿ ಕೇಳಿದ: “ಸರ್, ಅದೆಲ್ಲ ಸುಳ್ಳು ಅಲ್ಲವೇ?”

ಈ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. ಹೌದು, ಯಾರು ಗೆಲ್ಲಬೇಕು ಎಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಆ ಕಸುಬಿನವರೇ ಅಂಥದ್ದನ್ನು ‘ವರ್ಕ್’ ಎಂದೂ ನಿಜವಾದ ಹೊಡೆದಾಟವನ್ನು ‘ಶೂಟ್’ ಎಂದೂ ಕರೆಯುತ್ತಾರೆ. ಆದರೆ ‘ಸುಳ್ಳು’ ಎಂದು ಷರಾ ಬರೆದು ಮುಂದೆ ಹೋಗಿಬಿಟ್ಟರೆ ಅದರಲ್ಲಿನ ಕೌಶಲ ಕಾಣುವುದಿಲ್ಲ. ನೂರು ಕಿಲೋ ತೂಗುವ ಒಬ್ಬರನ್ನು ತಲೆಯ ಮೇಲೆತ್ತಿ ಹಲಗೆಯ ನೆಲಕ್ಕೆ ಹಾಕಬೇಕು, ಆತ ಮಾರನೆಯ ದಿನ ಇನ್ನೊಂದು ಊರಿನಲ್ಲಿ ಆಡುವ ಸ್ಥಿತಿಯಲ್ಲಿರಬೇಕು. ಎತ್ತಿಸಿಕೊಳ್ಳುವವರು ತಾವೇ ಸ್ವಲ್ಪ ನೆಗೆದು ಸಹಾಯ ಮಾಡುತ್ತಾರೆ. ಬೀಳುವಾಗ ಗಲ್ಲವನ್ನು ಎದೆಗೊತ್ತಿ, ಬೆನ್ನನ್ನು ಹರಡಿ, ಏಟನ್ನು ಮೈಯೆಲ್ಲ ಹಂಚಿಕೊಳ್ಳುತ್ತಾರೆ. ಹೊಡೆಯುವವರು ಸದ್ದು ಬರುವಂತೆ, ಪೆಟ್ಟಾಗದಂತೆ ಹೊಡೆಯುತ್ತಾರೆ. ನಮ್ಮ ಬಯಲಾಟದಲ್ಲಿ ಕತ್ತಿ ಬೀಸುವವರಿಗೆ ಇರುವಷ್ಟೇ ಎಚ್ಚರ ಅವರಿಗೂ ಇರಬೇಕು. ಕೈ ತಪ್ಪಿದರೆ ಕತ್ತು ಮುರಿಯುವುದು ಮಾತ್ರ ನಿಜವಾಗಿಯೇ.

ಈಗ ಸೆವರ್ನರ ಎರಡು ವಿದ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಚಾಪೆಯ ಕುಸ್ತಿಯಲ್ಲಿ ಹೊಡೆಯುವುದು ನಿಷಿದ್ಧ. ವೃತ್ತಿಪರ ಕುಸ್ತಿಯಲ್ಲಿ ಹೊಡೆದಂತೆ ಮಾಡಬೇಕು, ಹೊಡೆಯಬಾರದು. ಎಂಟು ಹತ್ತು ವರ್ಷದ ಹುಡುಗನಿದ್ದಾಗಲೋ ಹದಿನೈದರ ಪ್ರಾಯದಲ್ಲೋ ಮೈಗೆ ಕಲಿಸಿದ್ದು ಮೂವತ್ತಾರರಲ್ಲಿ ಅಳಿಸಿಹೋಗುವುದಿಲ್ಲ. ಈ ದೈತ್ಯನಿಗೆ ಎತ್ತಿ ಎಸೆಯುವುದು ಗೊತ್ತಿತ್ತು, ಹಿಡಿದು ಕೂರುವುದು ಗೊತ್ತಿತ್ತು. ಇನ್ನೊಬ್ಬರ ಮುಖಕ್ಕೆ ಮುಷ್ಟಿ ಕಟ್ಟಿ ಗುದ್ದುವುದನ್ನು ಅವರ ಎರಡು ಕಸುಬುಗಳಲ್ಲಿ ಒಂದೂ ಕಲಿಸಿರಲಿಲ್ಲ.

ಅಂಥವರು 1994ರ ಡಿಸೆಂಬರ್ 16ರ ರಾತ್ರಿ ಓಕ್ಲಹೋಮ ರಾಜ್ಯದ ಟಲ್ಸಾ ನಗರದಲ್ಲಿ ಎಂಟು ಮೂಲೆಯ ಜಾಲರಿ ಪಂಜರದೊಳಗೆ ಹೋದರು. ಅದು ನಾಲ್ಕನೆಯ ಯುಎಫ್‌ಸಿ, ಅಂದರೆ ಅಲ್ಟಿಮೇಟ್ ಫೈಟಿಂಗ್ ಚಾಂಪಿಯನ್‌ಷಿಪ್: ಬೇರೆ ಬೇರೆ ವಿದ್ಯೆಯವರನ್ನು ಎದುರುಬದುರು ನಿಲ್ಲಿಸಿ ನಿಜವಾಗಿಯೇ ಹೊಡೆದಾಡಿಸುವ ಕೂಟ. ಇವತ್ತು ಕೈಗವಸು, ಸುತ್ತು, ತೀರ್ಪುಗಾರರ ಅಂಕ, ತೂಕದ ವಿಭಾಗ ಎಲ್ಲ ಇರುವ ಆಟವನ್ನು ನೋಡಿ ಅಂದಿನದನ್ನು ಅಂದಾಜು ಮಾಡಬೇಡಿ. ಮೊದಲ ಯುಎಫ್‌ಸಿ ನಡೆದು ಒಂದು ವರ್ಷವಷ್ಟೇ ಆಗಿತ್ತು. ತೂಕದ ಲೆಕ್ಕವಿಲ್ಲ, ಕಾಲಮಿತಿ ಇಲ್ಲ, ಅಂಕ ಕೊಡುವವರಿಲ್ಲ. ಕಚ್ಚಬಾರದು, ಕಣ್ಣಿಗೆ ಬೆರಳು ಹಾಕಬಾರದು, ಮಿಕ್ಕಿದ್ದು ನಿಮ್ಮಿಷ್ಟ ಎಂಬಂತಿತ್ತು. ಒಂದೇ ರಾತ್ರಿಯಲ್ಲಿ ಮೂರು ಸಲ ಗೆದ್ದವರಿಗೆ ಪಟ್ಟ.

ತಯಾರಿಗೆ ಸಿಕ್ಕಿದ್ದು ಕೆಲವೇ ದಿನ. ಅಭ್ಯಾಸಕ್ಕೆ ಜೊತೆಯಾದವರು ಅಲ್ ಸ್ನೋ ಮೊದಲಾದ ವೃತ್ತಿಪರ ಕುಸ್ತಿಯ ಗೆಳೆಯರು, ಅಭ್ಯಾಸದ ಜಾಗವೂ ಕುಸ್ತಿಯ ರಿಂಗು! ನನಗೆ ಈ ವಿವರ ಬಹಳ ಇಷ್ಟ. ನಿಜವಾದ ಕಾಳಗಕ್ಕೆ ನಾಟಕದ ಮನೆಯಲ್ಲಿ ತಾಲೀಮು.

ಮೊದಲ ಎದುರಾಳಿ ಆಂಥನಿ ಮಸಾಯಸ್. ಸೆವರ್ನ್ ಆತನನ್ನು ಹಿಂದಿನಿಂದ ಸೊಂಟಕ್ಕೆ ಕೈಹಾಕಿ, ತಾವೇ ಬಿಲ್ಲಿನಂತೆ ಹಿಂದಕ್ಕೆ ಬಾಗಿ, ತಲೆಯ ಮೇಲಿಂದ ಎಸೆದರು. ಇದನ್ನು ಸುಪ್ಲೆಕ್ಸ್ ಎನ್ನುತ್ತಾರೆ. ಟಿವಿ ಕುಸ್ತಿಯಲ್ಲಿ ಸಾವಿರ ಸಲ ನೋಡಿದ ಪಟ್ಟೇ. ವ್ಯತ್ಯಾಸವೆಂದರೆ ಇಲ್ಲಿ ಎತ್ತಿಸಿಕೊಂಡವರು ನೆಗೆದು ಸಹಾಯ ಮಾಡಿರಲಿಲ್ಲ. ಎದ್ದರು, ಮತ್ತೆ ಎಸೆದರು. ಎರಡು ನಿಮಿಷದೊಳಗೆ ಕತ್ತು ಹಿಡಿದು ಮುಗಿಸಿದರು. ಎರಡನೆಯ ಪಂದ್ಯ ಒಂದು ನಿಮಿಷವೂ ನಡೆಯಲಿಲ್ಲ.

ಅಂತಿಮ ಪಂದ್ಯದಲ್ಲಿ ಎದುರು ನಿಂತವರು ಬ್ರೆಜಿಲ್‌ನ ರಾಯ್ಸ್ ಗ್ರೇಸಿ. ಇಪ್ಪತ್ತೆಂಟು ತುಂಬಿ ನಾಲ್ಕೇ ದಿನವಾಗಿದ್ದ ತೆಳ್ಳನೆಯ ಮನುಷ್ಯ. ಮೈಮೇಲೆ ಜುಜುತ್ಸು ಎಂಬ ಹಿಡಿತದ ವಿದ್ಯೆಯವರು ತೊಡುವ ಬಿಳಿಯ ಉಡುಪು. ತೂಕ ಹೆಚ್ಚೆಂದರೆ 80 ಕಿಲೋದ ಆಸುಪಾಸು; ಸೆವರ್ನ್ 115 ಕಿಲೋ ದಾಟಿದವರು. ನೋಡುವವರಿಗೆ ಅನ್ಯಾಯ ಎನ್ನಿಸಬೇಕು. ಆದರೆ ಅಷ್ಟರಲ್ಲಾಗಲೇ ಎರಡು ಸಲ ಪಟ್ಟ ಕಟ್ಟಿಸಿಕೊಂಡಿದ್ದವರು ಗ್ರೇಸಿಯೇ.

ಸೆವರ್ನ್ ನೇರವಾಗಿ ನುಗ್ಗಿ ಗ್ರೇಸಿಯನ್ನು ಕೆಳಗೆ ಹಾಕಿದರು. ಅಲ್ಲಿಗೆ, ಅವರ ಮೈಗೆ ಗೊತ್ತಿದ್ದ ಲೆಕ್ಕದ ಪ್ರಕಾರ, ಪಂದ್ಯ ಮುಗಿದಿತ್ತು. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಚಿತ್. ಚಾಪೆಯಲ್ಲೂ ಅಷ್ಟೇ, ನಮ್ಮ ಗರಡಿಯ ಮಟ್ಟಿಯಲ್ಲೂ ಅಷ್ಟೇ. ಬೆನ್ನ ಮೇಲೆ ಮಲಗಿದವನು ಸೋತವನು. ಇದನ್ನು ಯಾರೂ ಪ್ರಶ್ನಿಸಿದ್ದಿಲ್ಲ, ಪ್ರಶ್ನಿಸಬಹುದೆಂದೂ ಯಾರಿಗೂ ತೋಚಿರಲಿಲ್ಲ. ಆದರೆ ಗ್ರೇಸಿ ಮನೆತನದ ವಿದ್ಯೆ ಶುರುವಾಗುವುದೇ ಬೆನ್ನ ಮೇಲೆ ಮಲಗಿದ ಮೇಲೆ. ಎರಡು ಕಾಲುಗಳಿಂದ ಮೇಲಿನವರ ಸೊಂಟವನ್ನು ಸುತ್ತಿಕೊಂಡು, ಅವರ ದೂರವನ್ನು ಅಳೆಯುತ್ತ, ಕೈಗಳನ್ನು ಹಿಡಿದು ಕಾಯುವುದು. ಒಬ್ಬರು ಗೆದ್ದೆನೆಂದುಕೊಂಡ ಜಾಗದಲ್ಲಿ ಇನ್ನೊಬ್ಬರ ಕೆಲಸ ಆರಂಭವಾಗಿತ್ತು.

ಈ ಪಂದ್ಯದ ದೃಶ್ಯವನ್ನು ನಾನು ಹಲವು ಸಲ ನೋಡಿದ್ದೇನೆ. ಮೊದಲ ಸಲ ನೋಡಿದಾಗ ಬೇಸರ ಬಂತು, ಮರೆಮಾಚುವುದೇಕೆ. ಏನೂ ನಡೆಯುವುದಿಲ್ಲ. ದೊಡ್ಡ ಮನುಷ್ಯ ಮೇಲೆ, ಸಣ್ಣ ಮನುಷ್ಯ ಕೆಳಗೆ, ನಿಮಿಷಗಳು ಉರುಳುತ್ತವೆ. ನಂತರದ ಸಲಗಳಲ್ಲಿ ನಾನು ಸೆವರ್ನರ ಕೈಗಳನ್ನೇ ನೋಡತೊಡಗಿದೆ. ಹೊಡೆಯಲಿಲ್ಲವೆಂದಲ್ಲ. ಅಂಗೈಯಿಂದ ತಟ್ಟಿದಂತೆ, ಅರ್ಧ ಮನಸ್ಸಿನ ಏಟುಗಳಿವೆ. ಹೊಡೆಯಲು ಹೋದ ಕೈ ಅಲ್ಲೇ ಯೋಚಿಸುತ್ತ ನಿಲ್ಲುತ್ತದೆ. ಅಂದು ತಾವು ಎದುರಾಳಿಗಿಂತ ಹೆಚ್ಚಾಗಿ ತಮ್ಮ ಮನಸ್ಸಾಕ್ಷಿಯ ಜೊತೆ ಸೆಣಸುತ್ತಿದ್ದೆ ಎಂಬರ್ಥದ ಮಾತನ್ನು ಸೆವರ್ನ್ ಆಮೇಲೆ ಸಂದರ್ಶನಗಳಲ್ಲಿ ಮತ್ತೆ ಮತ್ತೆ ಹೇಳಿದ್ದಾರೆ. ಸೋತವರು ಹೇಳುವ ನೆಪವೆಂದು ತಳ್ಳಿಹಾಕಬಹುದು. ಆ ಕೈಗಳನ್ನು ನೋಡಿದ ಮೇಲೆ ನನಗೆ ಹಾಗೆ ತಳ್ಳಿಹಾಕಲು ಆಗಿಲ್ಲ.

ಕೊನೆಗೆ ಗ್ರೇಸಿಯ ಒಂದು ಕಾಲು ಮೆಲ್ಲಗೆ ಸೆವರ್ನರ ಕತ್ತಿನ ಹಿಂದಕ್ಕೆ ಏರಿತು. ಆ ಕಾಲಿನ ಕಣಕಾಲನ್ನು ಇನ್ನೊಂದು ಮೊಣಕಾಲಿನ ಸಂದಿಗೆ ಸಿಕ್ಕಿಸಿದರು. ಸೆವರ್ನರ ತಲೆ ಮತ್ತು ಒಂದು ತೋಳು ಒಳಗೆ, ಇನ್ನೊಂದು ತೋಳು ಹೊರಗೆ. ಇದಕ್ಕೆ ತ್ರಿಕೋನದ ಹಿಡಿತ ಎನ್ನೋಣ. ಈ ಹಿಡಿತದ ಕುತಂತ್ರ ಏನೆಂದರೆ, ಕತ್ತಿನ ಒಂದು ಬದಿಯ ರಕ್ತನಾಳವನ್ನು ಎದುರಾಳಿಯ ತೊಡೆ ಒತ್ತಿದರೆ ಇನ್ನೊಂದು ಬದಿಯನ್ನು ನಿಮ್ಮ ಸ್ವಂತ ಭುಜವೇ ಒತ್ತುತ್ತದೆ. ಭುಜ ದಪ್ಪವಿದ್ದಷ್ಟೂ ಒತ್ತಡ ಹೆಚ್ಚು. ಉಸಿರು ನಿಲ್ಲುವುದಲ್ಲ, ಮಿದುಳಿಗೆ ರಕ್ತ ಹೋಗುವುದು ನಿಲ್ಲುತ್ತದೆ. ಎಷ್ಟು ಬಲಶಾಲಿಯಾದರೂ ಕೆಲವು ಸೆಕೆಂಡುಗಳ ಮಾತು. 15 ನಿಮಿಷ 49 ಸೆಕೆಂಡಿಗೆ ಸೆವರ್ನ್ ಸೋಲೊಪ್ಪಿಕೊಂಡರು.

ಇದರ ನಂತರ ನಡೆದದ್ದು ವಿಚಿತ್ರ. ಈ ಸೋಲು ಅವರ ಬೆಲೆಯನ್ನು ಏರಿಸಿತು.

ಅದನ್ನು ಹೇಳಬೇಕಾದರೆ ಎನ್‌ಡಬ್ಲ್ಯೂಎ ಎಂಬ ಒಕ್ಕೂಟದ ಬಗ್ಗೆ ಎರಡು ಮಾತು ಹೇಳಬೇಕು. 1948ರಲ್ಲಿ ಅಮೆರಿಕದ ಬೇರೆ ಬೇರೆ ಸೀಮೆಗಳ ಕುಸ್ತಿ ಗುತ್ತಿಗೆದಾರರು ಸೇರಿ ಇದನ್ನು ಕಟ್ಟಿದರು. ತಮ್ಮ ತಮ್ಮ ಸೀಮೆಯಲ್ಲಿ ಅವರವರದೇ ಆಳ್ವಿಕೆ, ಆದರೆ ವಿಶ್ವ ಚಾಂಪಿಯನ್ ಎಲ್ಲರಿಗೂ ಒಬ್ಬರೇ. ಆ ಚಾಂಪಿಯನ್ ಊರೂರು ಸುತ್ತಬೇಕು, ಆಯಾ ಊರಿನ ವೀರನ ಎದುರು ಸೋತೇಬಿಟ್ಟರು ಎನ್ನುವಂತೆ ಆಡಿ ಪಟ್ಟ ಉಳಿಸಿಕೊಂಡು ಮುಂದಿನ ಊರಿಗೆ ಹೊರಡಬೇಕು. ಇಲ್ಲೊಂದು ಅಪಾಯ ಇದೆ. ಊರಿನ ವೀರ ಒಪ್ಪಂದ ಮುರಿದು ನಿಜವಾಗಿಯೇ ಚಿತ್ ಮಾಡಿಬಿಟ್ಟರೆ? ಸಾವಿರಾರು ಜನರ ಎದುರು ಪಟ್ಟ ಕೈಬಿಟ್ಟರೆ ವಾಪಸು ಕೇಳುವುದು ಹೇಗೆ? ಆದ್ದರಿಂದ ಲೂ ಥೆಜ್‌ರಂಥ ನಿಜವಾದ ವಿದ್ಯೆ ಬಲ್ಲ ಜಟ್ಟಿಯ ಸೊಂಟಕ್ಕೇ ಬೆಲ್ಟ್ ಕಟ್ಟುವುದು ಜಾಣತನವಾಗಿತ್ತು. ನಾಟಕದ ರಾಜನ ಪಾತ್ರಕ್ಕೆ ನಿಜವಾಗಿ ಕತ್ತಿವರಸೆ ಬಲ್ಲವರನ್ನೇ ಹುಡುಕಿದ ಹಾಗೆ.

1990ರ ದಶಕದ ಹೊತ್ತಿಗೆ ಈ ಒಕ್ಕೂಟ ಬರೀ ಹೆಸರಾಗಿ ಉಳಿದಿತ್ತು. ಟಿವಿಯ ಬಲದಿಂದ ದೇಶವ್ಯಾಪಿಯಾದ ಡಬ್ಲ್ಯೂಡಬ್ಲ್ಯೂಎಫ್ ಎಂಬ ವೃತ್ತಿಪರ ಕುಸ್ತಿಯ ಕಂಪನಿ (ಇಂದಿನ ಡಬ್ಲ್ಯೂಡಬ್ಲ್ಯೂಇ) ಸೀಮೆಗಳನ್ನೆಲ್ಲ ನುಂಗಿತ್ತು. 1994ರ ಆಗಸ್ಟ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಎನ್‌ಡಬ್ಲ್ಯೂಎ ಪಟ್ಟ ಗೆದ್ದ ಶೇನ್ ಡಗ್ಲಸ್ ಆ ಬೆಲ್ಟನ್ನು ರಿಂಗಿನಲ್ಲೇ ನೆಲಕ್ಕೆಸೆದರು. ಆ ಬೆಲ್ಟಿಗೆ ಮತ್ತೆ ಮರ್ಯಾದೆ ತರಬೇಕಾದರೆ ಯಾರ ಸೊಂಟಕ್ಕೆ ಕಟ್ಟಬೇಕು? ಟಲ್ಸಾದ ಪಂಜರದಲ್ಲಿ ಇಬ್ಬರನ್ನು ಮಣಿಸಿ, ಗ್ರೇಸಿಯ ಮುಂದೆ ಹದಿನೈದು ನಿಮಿಷ ನಿಂತ ಮೀಸೆಯ ದೈತ್ಯನ ಸೊಂಟಕ್ಕೆ. 1995ರ ಫೆಬ್ರವರಿ 24ರಂದು ಕೆಂಟಕಿಯ ಅರ್ಲಾಂಗರ್‌ನಲ್ಲಿ ಕ್ರಿಸ್ ಕ್ಯಾಂಡಿಡೊ ಅವರನ್ನು ‘ಸೋಲಿಸಿ’ ಸೆವರ್ನ್ ಎನ್‌ಡಬ್ಲ್ಯೂಎ ವಿಶ್ವ ಚಾಂಪಿಯನ್ ಆದರು. ಪಟ್ಟ ಅವರ ಬಳಿ ನಾಲ್ಕು ವರ್ಷ ಇತ್ತು. 1999ರ ಮಾರ್ಚ್ 14ರಂದು ಯೊಕೊಹಾಮದಲ್ಲಿ ಅದನ್ನು ಪಡೆದವರೂ ನಾಟಕದ ಜನ ಮಾತ್ರವಲ್ಲ, ಜೂಡೊದಲ್ಲಿ ಒಲಿಂಪಿಕ್ ಬೆಳ್ಳಿ ಗೆದ್ದ ನವೊಯಾ ಒಗಾವಾ. ಸೆವರ್ನ್ 2002ರಲ್ಲಿ ಇನ್ನೊಮ್ಮೆ ಕೆಲವು ತಿಂಗಳು ಆ ಬೆಲ್ಟ್ ಧರಿಸಿದರು.

ನಾಟಕದ ಪಟ್ಟ ಕಟ್ಟಿಕೊಂಡ ಆರೇ ವಾರಕ್ಕೆ, 1995ರ ಏಪ್ರಿಲ್ 7ರಂದು, ಅವರು ನಿಜದ ಪಟ್ಟವನ್ನೂ ಗೆದ್ದರು. ಐದನೆಯ ಯುಎಫ್‌ಸಿ, ಷಾರ್ಲಟ್ ನಗರ. ಒಂದೇ ರಾತ್ರಿ ಮೂವರು: ಜೋ ಚಾರ್ಲ್ಸ್, ರಷ್ಯಾದ ಒಲೆಗ್ ತಕ್ತಾರೊವ್, ಕೆನಡಾದ ಡೇವ್ ಬೆನೆಟೊ. ಇದರಲ್ಲಿ ತಕ್ತಾರೊವ್ ಜೊತೆಗಿನ ಪಂದ್ಯ ನೋಡಲೇಬೇಕು, ನೋಡಲು ಹಿತವಾಗಿಲ್ಲ. ಟಲ್ಸಾದಲ್ಲಿ ತಡೆದು ನಿಂತಿದ್ದ ಕೈ ಇಲ್ಲಿ ತಡೆಯಲಿಲ್ಲ. ತಕ್ತಾರೊವ್ ಮುಖವೆಲ್ಲ ರಕ್ತವಾಗಿ ರೆಫರಿ ಜಾನ್ ಮೆಕಾರ್ಥಿ ಪಂದ್ಯ ನಿಲ್ಲಿಸಬೇಕಾಯಿತು. ನಾಲ್ಕು ತಿಂಗಳೊಳಗೆ ಸೆವರ್ನ್ ಕಲಿತಿದ್ದರು. ಏನನ್ನು ಕಲಿತರು ಎಂದು ಯೋಚಿಸಿದಾಗ ನನಗೆ ಪೂರ್ತಿ ಸಂತೋಷವಾಗುವುದಿಲ್ಲ.

ಅದೇ ವರ್ಷದ ಡಿಸೆಂಬರ್‌ನಲ್ಲಿ ಡೆನ್ವರ್‌ನಲ್ಲಿ ಹಳೆಯ ವಿಜೇತರನ್ನೂ ಪ್ರಬಲರನ್ನೂ ಸೇರಿಸಿ ‘ಅಲ್ಟಿಮೇಟ್ ಅಲ್ಟಿಮೇಟ್’ ಎಂಬ ಕೂಟ ನಡೆಸಿದರು. ಅಲ್ಲೂ ಗೆದ್ದವರು ಸೆವರ್ನ್. ಬೀದಿ ಜಗಳದ ಖ್ಯಾತಿಯ ಟ್ಯಾಂಕ್ ಅಬಟ್ ಅವರನ್ನು ಹದಿನೆಂಟು ನಿಮಿಷ ಬೇಲಿಯ ಬುಡದಲ್ಲಿ ಹಿಡಿದಿಟ್ಟರು, ಅಂತಿಮದಲ್ಲಿ ಮತ್ತೆ ತಕ್ತಾರೊವ್, ಮೂವತ್ತು ನಿಮಿಷ. ಮೂವತ್ತೇಳರ ವಯಸ್ಸು. ನನ್ನ ಮಟ್ಟಿಗೆ ಅವರ ವೃತ್ತಿಜೀವನದ ಶಿಖರ ಇದೇ.

ಕೆನ್ ಶ್ಯಾಮ್‌ರಾಕ್ ಜೊತೆಗಿನ ಎರಡು ಪಂದ್ಯಗಳನ್ನು ಬಿಟ್ಟರೆ ಕಥೆ ಅಪೂರ್ಣ. ಶ್ಯಾಮ್‌ರಾಕ್ ಕೂಡ ಎರಡೂ ದೋಣಿಯಲ್ಲಿ ಕಾಲಿಟ್ಟವರೇ, ಮುಂದೆ ಡಬ್ಲ್ಯೂಡಬ್ಲ್ಯೂಎಫ್‌ನಲ್ಲಿ ಹೆಸರಾದರು. 1995ರ ಜುಲೈನಲ್ಲಿ ವಯೋಮಿಂಗ್‌ನಲ್ಲಿ ನಡೆದ ಮೊದಲ ಭೇಟಿಯಲ್ಲಿ ಸೆವರ್ನ್ ತಲೆ ತಗ್ಗಿಸಿ ನುಗ್ಗಿದರು, ಶ್ಯಾಮ್‌ರಾಕ್ ಆ ತಲೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು. ಎರಡೂಕಾಲು ನಿಮಿಷದಲ್ಲಿ ಮುಗಿಯಿತು. ಎರಡನೆಯದು 1996ರ ಮೇ 17, ಡೆಟ್ರಾಯಿಟ್, ಸೆವರ್ನರ ಸ್ವಂತ ರಾಜ್ಯ. ಆ ಹೊತ್ತಿಗೆ ಸೆನೆಟರ್ ಜಾನ್ ಮೆಕೇನ್ ಈ ಆಟವನ್ನು ಮನುಷ್ಯರ ಕೋಳಿ ಅಂಕ ಎಂದು ಕರೆದು, ಎಲ್ಲ ರಾಜ್ಯಗಳೂ ನಿಷೇಧಿಸಬೇಕೆಂದು ಬೆನ್ನು ಹತ್ತಿದ್ದರು. ಡೆಟ್ರಾಯಿಟ್‌ನಲ್ಲಿ ವಿಷಯ ಕೋರ್ಟಿಗೆ ಹೋಯಿತು. ಮುಷ್ಟಿ ಕಟ್ಟಿ ಗುದ್ದಬಾರದು, ತಲೆಯಿಂದ ಡಿಕ್ಕಿ ಹೊಡೆಯಬಾರದು ಎಂಬ ಷರತ್ತಿನ ಮೇಲೆ ಅನುಮತಿ ಸಿಕ್ಕಿತು. ಪರಿಣಾಮ? ಇಬ್ಬರು ಬಲಾಢ್ಯರು ಅರ್ಧ ಗಂಟೆ ಒಬ್ಬರನ್ನೊಬ್ಬರು ಸುತ್ತಿದರು. ಜನ ಕೂಗಿದರು, ಛೀಮಾರಿ ಹಾಕಿದರು. ಭಿನ್ನಮತದ ತೀರ್ಪಿನಲ್ಲಿ ಗೆಲುವು ಸೆವರ್ನರದಾಯಿತು. ಅತಿ ನೀರಸ ಪಂದ್ಯ ಎಂದು ಅದಕ್ಕೆ ಇವತ್ತಿಗೂ ಕೆಟ್ಟ ಹೆಸರಿದೆ. ಹೊಡೆಯಲು ಹಿಂಜರಿದು ಸೋತ ಮನುಷ್ಯ, ಹೊಡೆಯುವುದನ್ನು ಕಲಿತ ಮೇಲೆ, ಹೊಡೆಯಬೇಡ ಎಂದು ನ್ಯಾಯಾಲಯ ಹೇಳಿದ ದಿನ ಗೆದ್ದರು. ಇಂಥದ್ದನ್ನು ಕಥೆಗಾರರು ಬರೆದರೆ ನಾವು ನಂಬುವುದಿಲ್ಲ.

ಇಲ್ಲಿಂದ ಮುಂದೆ ಬೇಗ ಬೇಗ ಹೋಗುತ್ತೇನೆ. 1997ರ ಫೆಬ್ರವರಿಯಲ್ಲಿ ಯುಎಫ್‌ಸಿಯ ಮೊದಲ ಹೆವಿವೇಟ್ ಪಟ್ಟಕ್ಕಾಗಿ ಮಾರ್ಕ್ ಕೋಲ್ಮನ್ ಎದುರು ಸೆಣಸಿ ಸೋತರು. ಕೋಲ್ಮನ್ ಕೂಡ ಚಾಪೆಯ ಕುಸ್ತಿಯವರು, 1992ರ ಒಲಿಂಪಿಕ್ಸ್‌ಗೆ ಹೋಗಿಬಂದವರು, ಆರು ವರ್ಷ ಚಿಕ್ಕವರು. ಅವರಿಗೆ ಹೊಡೆಯುವ ವಿಷಯದಲ್ಲಿ ಯಾವ ಸಂಕೋಚವೂ ಇರಲಿಲ್ಲ. ಸೆವರ್ನ್ ತೆರೆದ ದಾರಿಯಲ್ಲಿ ಅವರಿಗಿಂತ ಬಿರುಸಾಗಿ ನಡೆಯುವವರು ಬಂದಾಗಿತ್ತು.

1998ರಲ್ಲಿ ಡಬ್ಲ್ಯೂಡಬ್ಲ್ಯೂಎಫ್ ಕರೆಸಿಕೊಂಡಿತು. ಅಲ್ಲಿ ಆ ವರ್ಷ ಒಂದು ಹುಚ್ಚು ಪ್ರಯೋಗ ನಡೆಯಿತು: ನಾಟಕದ ಕುಸ್ತಿಪಟುಗಳಿಗೆ ಬಾಕ್ಸಿಂಗ್ ಕೈಗವಸು ತೊಡಿಸಿ ನಿಜವಾಗಿ ಹೊಡೆದಾಡಿಸುವುದು. ಹಲವರು ಗಾಯಗೊಂಡರು. ಸೆವರ್ನ್ ಒಂದು ಪಂದ್ಯ ಗೆದ್ದು ಹೊರಬಂದರು. ಹಣೆಯ ಮೇಲೆ ಸೈತಾನನ ಗುರುತಾದ 666 ಎಂಬ ಅಂಕಿ ಬರೆದುಕೊಂಡು ಹೊಸ ಪಾತ್ರ ಮಾಡಲು ಕೇಳಿದಾಗ ಒಪ್ಪಲಿಲ್ಲವೆಂದು ಅವರೇ ಹೇಳಿಕೊಂಡಿದ್ದಾರೆ. ಅಲ್ಲಿ ಅವರು ಹೆಚ್ಚು ದಿನ ಉಳಿಯಲಿಲ್ಲ. ಮೈಕು ಹಿಡಿದು ಸವಾಲು ಹಾಕುವುದು, ಕಣ್ಣು ಕೆಂಪಗೆ ಮಾಡಿ ಕೂಗುವುದು ಅವರ ಜಾಯಮಾನವೇ ಅಲ್ಲ. ಮೃಗ ಎಂಬ ಹೆಸರಿನ ಈ ಮನುಷ್ಯ ಮಾತಿಗೆ ನಿಂತರೆ ಶಾಲೆಯ ಮೇಷ್ಟರಂತೆ ಕಾಣುತ್ತಿದ್ದರು.

ಒಬ್ಬ ಹಿರಿಯರು ಕೇಳಿದರು: “ಆಮೇಲೆ ಆಟ ಬಿಟ್ಟರೇ?”

ಇಲ್ಲ. ಅದೇ ಸೋಜಿಗ. 2000ದಲ್ಲಿ ಯುಎಫ್‌ಸಿಗೆ ಮರಳಿ ಬಂದು ಪೆಡ್ರೊ ರಿಜೊ ಕಾಲಿಗೆ ಒದ್ದ ಒದೆತಕ್ಕೆ ಎರಡು ನಿಮಿಷವೂ ನಿಲ್ಲಲಾಗದೆ ಹೋದರು. ದೊಡ್ಡ ಅಖಾಡ ಅಲ್ಲಿಗೆ ಮುಗಿಯಿತು. ಆದರೆ ಸಣ್ಣ ಊರುಗಳ ಸಣ್ಣ ಸಭಾಂಗಣಗಳಲ್ಲಿ ಆಡುತ್ತಲೇ ಹೋದರು. 2001ರಲ್ಲಿ ಅಂಥದೇ ಒಂದು ಕಡೆ ಮೊದಲ ಬಾರಿ ವೃತ್ತಿಪರ ಪಂದ್ಯಕ್ಕಿಳಿದ ಹುಡುಗನೊಬ್ಬನನ್ನು ಅಂಕಗಳ ಮೇಲೆ ಸೋಲಿಸಿದರು. ಆತ ಫಾರೆಸ್ಟ್ ಗ್ರಿಫಿನ್, ಏಳು ವರ್ಷಗಳ ನಂತರ ಯುಎಫ್‌ಸಿ ಲೈಟ್ ಹೆವಿವೇಟ್ ಚಾಂಪಿಯನ್. 2005ರಲ್ಲಿ ಯುಎಫ್‌ಸಿ ತನ್ನ ಗೌರವ ಪಟ್ಟಿಗೆ ಸೆವರ್ನರನ್ನು ಸೇರಿಸಿದಾಗ, ಗ್ರೇಸಿ ಮತ್ತು ಶ್ಯಾಮ್‌ರಾಕ್ ನಂತರ ಆ ಪಟ್ಟಿಯ ಮೂರನೆಯ ಹೆಸರು ಅವರದಾಗಿತ್ತು. ಆಗಲೂ ಅವರು ಆಡುತ್ತಿದ್ದರು! 2013ರ ಜನವರಿ 1ರಂದು, ಐವತ್ತನಾಲ್ಕರಲ್ಲಿ, ನಿವೃತ್ತಿ. ಲೆಕ್ಕ: 101 ಗೆಲುವು, 19 ಸೋಲು, 7 ಸಮ. ಇದರಲ್ಲಿ ಅನೇಕ ಗೆಲುವುಗಳು ದುರ್ಬಲರ ಮೇಲೆ ಎಂದು ವಿಮರ್ಶಕರು ಹೇಳುತ್ತಾರೆ, ಸರಿಯಾಗಿಯೇ ಹೇಳುತ್ತಾರೆ. ನನಗೆ ಆ ನೂರೊಂದಕ್ಕಿಂತ ಟಲ್ಸಾದ ಆ ಒಂದು ಸೋಲೇ ಹೆಚ್ಚು ನೆನಪಾಗುತ್ತದೆ.

ಆ ಸೋಲಿನ ಬಗ್ಗೆ ಒಂದು ಸಂಗತಿಯನ್ನು ಬೇಕೆಂದೇ ಉಳಿಸಿಕೊಂಡಿದ್ದೆ. ಐದನೆಯ ಯುಎಫ್‌ಸಿಯಿಂದ ಪಂದ್ಯಗಳಿಗೆ ಕಾಲಮಿತಿ ಬಂತು. ಕಾರಣ ಟಲ್ಸಾದ ಅಂತಿಮ ಪಂದ್ಯವೇ. ಆ ದಿನಗಳಲ್ಲಿ ಜನ ಕೇಬಲ್ ಕಂಪನಿಗೆ ದುಡ್ಡು ಕಟ್ಟಿ, ನಿಗದಿತ ಅವಧಿಗೆ ಮಾತ್ರ ಪ್ರಸಾರ ಕೊಂಡು ನೋಡುತ್ತಿದ್ದರು. ಆಗ ಪಂದ್ಯಗಳು ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಮುಗಿಯುತ್ತಿದ್ದುದರಿಂದ ಸಮಯ ಮೀರೀತೆಂಬ ಯೋಚನೆ ಯಾರಿಗೂ ಇರಲಿಲ್ಲ. ಅಂದು ಮೀರಿತು. ಎಷ್ಟೋ ಮನೆಗಳಲ್ಲಿ ಪಂದ್ಯದ ನಡುವೆಯೇ ಪ್ರಸಾರ ನಿಂತುಹೋಯಿತು. ದುಡ್ಡು ಕೊಟ್ಟು ಕೂತಿದ್ದವರು ಕೊನೆಯದಾಗಿ ಕಂಡದ್ದು ಬೆನ್ನ ಮೇಲೆ ಮಲಗಿದ ತೆಳ್ಳನೆಯ ಗ್ರೇಸಿಯನ್ನು, ಅವರ ಮೇಲೆ ಬೆಟ್ಟದಂತೆ ಕವಿದಿದ್ದ ಸೆವರ್ನರನ್ನು. ಆಮೇಲೆ ಪರದೆ ಕಪ್ಪಾಯಿತು.